ಎರಡು ಗಂಟೆಯ ಬಿಸಿಲಿಗೆ ಒಂದು ಅರವಟ್ಟಿಗೆ

ಹೋಳಿ ಹುಣ್ಣಿಮೆ ಮುಗಿದ ಐದನೇ ದಿನ ಶರಣಬಸವೇಶ್ವರರ ತೇರು ಎಳೆದರೆಂದರೆ ಕಲಬುರಗಿಯಲ್ಲಿ ಎರಡು ಸಂಗತಿ ಒಟ್ಟಿಗೇ ಜೋರಾಗುತ್ತವೆ: ಬಿಸಿಲು ಮತ್ತು ಸಮಾಜಸೇವೆ. ದಾಸೋಹದ ಊರು, ಬಾಯಾರಿದವರಿಗೆ ನೀರಿಡಬೇಕೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಓಣಿಗೊಂದು ಗೆಳೆಯರ ಬಳಗ, ಬಳಗಕ್ಕೊಂದು ಅರವಟ್ಟಿಗೆ, ಅರವಟ್ಟಿಗೆಗೊಂದು ಹನ್ನೆರಡಡಿ ಫ್ಲೆಕ್ಸ್. ಫ್ಲೆಕ್ಸಿನ ಮೇಲೆ ಮೂವತ್ತು ಮುಖ, ಕೆಳಗೆ ಎರಡು ಮಣ್ಣಿನ ಮಟಕಾ. ಆ ಮುಖಗಳಿಗೇ ನೀರು ಸಾಲುವುದಿಲ್ಲ, ದಾರಿಹೋಕರ ಮಾತು ಆಮೇಲೆ.

ಬಹಳಷ್ಟು ಅರವಟ್ಟಿಗೆ ಕೆಡುವುದು ಒಂದೇ ಕಾರಣಕ್ಕೆ. ಕಟ್ಟುವುದು ಬೆಳಗಿನ ಹತ್ತರ ಫೋಟೊಗೆ, ನೀರು ಬೇಕಾಗುವುದು ಮಧ್ಯಾಹ್ನ ಎರಡಕ್ಕೆ.

ಜಾಗದಿಂದಲೇ ನೋಡಿ. ಬೆಳಿಗ್ಗೆ ಕಟ್ಟಡದ ಪಶ್ಚಿಮಕ್ಕೆ ತಣ್ಣನೆ ನೆರಳಿರುತ್ತದೆ. "ಇಲ್ಲೇ ಛಲೋ ನೆಳ್ಳದ, ಹಾಕ್ರಿ" ಎಂದು ಹಂದರ ಏಳುತ್ತದೆ. ಹನ್ನೆರಡೂವರೆ ದಾಟಿದ ಮೇಲೆ ನೆರಳು ಆಚೆ ಬದಿಗೆ ಹೋಗಿರುತ್ತದೆ, ಮಟಕಾ ಈಚೆಗೇ ಉಳಿದಿರುತ್ತದೆ. ಮೇ ಎರಡನೇ ವಾರದ ಆಸುಪಾಸಿನಲ್ಲಂತೂ ಸೂರ್ಯ ಇಲ್ಲಿ ನಟ್ಟ ನೆತ್ತಿಗೇ ಬರುವುದರಿಂದ ನಡುಹಗಲಲ್ಲಿ ಗೋಡೆಗೆ ನೆರಳೆಂಬುದೇ ಇರುವುದಿಲ್ಲ. ಬೇವಿನ ಮರ ಸಿಕ್ಕರೆ ಎರಡನೇ ಯೋಚನೆ ಬೇಡ. ಇಲ್ಲದಿದ್ದರೆ ಕಟ್ಟಡದ ಪೂರ್ವ ಬದಿ ಹಿಡಿದು ಹಂದರ ಹಾಕಬೇಕು. ನಮ್ಮಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ. ದಪ್ಪಗೆ ಹರವಿದರೆ ಬಿಸಿಲು ಇಳಿಯದು, ಗಾಳಿಯೂ ಆಡುತ್ತದೆ. ಚೆಂದ ಕಾಣಲೆಂದು ಮೇಲೆ ಜೋಳದ ಕಣಿಕೆ ಹೊದಿಸಿದಿರೋ, ಮೂರನೇ ದಿನ ಬೀದಿಯ ದನ ಬಂದು ಛಾವಣಿ ಉಂಡು, ಬಾಯಾರಿ, ಅಲ್ಲೇ ನೀರನ್ನೂ ಕುಡಿದು ಹೋಗುತ್ತದೆ. ಅದರ ಮಟ್ಟಿಗೆ ಸೇವೆ ಪರಿಪೂರ್ಣ. ದನಕ್ಕೊಂದು ಬಾನಿ ದೂರದಲ್ಲಿ ಬೇರೆಯೇ ಇಡಿ.

ಫ್ಲೆಕ್ಸನ್ನು ಗಾಳಿ ಬರುವ ದಿಕ್ಕಿಗೆ ಕಟ್ಟಬಾರದು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ, ಆವಿಯಾಗುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋದರಷ್ಟೇ ಮಟಕಾ ತಂಪು. 42, 43 ಡಿಗ್ರಿಯ ನಮ್ಮ ಒಣ ಹವೆ ಅದಕ್ಕೆ ಹೇಳಿ ಮಾಡಿಸಿದ್ದು, ಆದರೆ ಗಾಳಿ ತಾಗಬೇಕು. ಇದಕ್ಕಿಂತ ದೊಡ್ಡ ಅನಾಹುತ ಆಯಿಲ್ ಪೇಂಟ್. ದಾನಿಗಳ ಹೆಸರು ಕಾಣಬೇಕೆಂದು ಇಡೀ ಮಟಕಾಕ್ಕೆ ನೀಲಿ ಬಳಿದು, ಅದರ ಮೇಲೆ ಹಳದಿ ಅಕ್ಷರ ಬರೆಸುತ್ತಾರೆ. ಎರಡು ಕೋಟು ಬಿದ್ದರೆ ರಂಧ್ರ ಮುಚ್ಚಿತು, ನೀರು ಬೆಚ್ಚಗೇ ಉಳಿಯಿತು. ದಾನಿಯ ಹೆಸರು ದೊಡ್ಡದಾದಷ್ಟೂ ನೀರು ಬಿಸಿ. ಹೆಸರು ಬೇಕೇ ಬೇಕೆಂದರೆ ಮುಚ್ಚಳದ ಹಲಗೆ ಮೇಲೆ ಬರೆಸಿ.

ಹೊಸ ಮಟಕಾವನ್ನು ಒಂದು ಹಗಲು, ಒಂದು ರಾತ್ರಿ ನೀರು ತುಂಬಿಸಿಟ್ಟು ಆ ನೀರು ಚೆಲ್ಲಬೇಕು. ಇಲ್ಲದಿದ್ದರೆ ಮೊದಲ ಗ್ಲಾಸು ಕುಡಿಯುವ ಮುಖ್ಯ ಅತಿಥಿಗೆ ಭಾಷಣದುದ್ದಕ್ಕೂ ಬಾಯಲ್ಲಿ ಮಣ್ಣಿನ ರುಚಿ. ಕೆಳಗೆ ಮರಳು ಹಾಸಿ, ಸುತ್ತ ಗೋಣಿಚೀಲ ಸುತ್ತಿ, ಎರಡನ್ನೂ ಹಸಿಯಾಗಿಡಿ. ನಲ್ಲಿ ಕೂರಿಸುವಾಗ ಒಳಗೊಂದು, ಹೊರಗೊಂದು ರಬ್ಬರ್ ವಾಷರ್ ಹಾಕಿ ಕೈಯಲ್ಲೇ ಬಿಗಿ ಮಾಡಬೇಕು. ಪ್ರತಿ ಬಳಗದಲ್ಲೂ "ತಡೀರಿ, ಇನ್ನೊಂದೀಟು" ಎಂದು ಬಿಗಿ ಮಾಡುವ ಪಾನಾ (ಸ್ಪ್ಯಾನರ್) ತರುವವರೊಬ್ಬರು ಇರುತ್ತಾರೆ. ಚಟ್ ಎಂದರೆ ಹೊಸ ಮಟಕಾಕ್ಕೆ ಪೇಟೆಗೆ ಹೋಗುವವರೂ ಅವರೇ ಆಗಬೇಕು. ನಲ್ಲಿಯ ಕೆಳಗೆ ನಾಲ್ಕಿಂಚು ಖಡಿ (ಜಲ್ಲಿಕಲ್ಲು) ಸುರಿದು, ಹರಿದ ನೀರನ್ನು ಗಿಡದ ಬುಡಕ್ಕೆ ಬಿಟ್ಟರೆ ಯಾರೂ ಜಾರಿ ಬೀಳುವುದಿಲ್ಲ.

ಈಗ ಲೆಕ್ಕ. 40 ಲೀಟರಿನ ದೊಡ್ಡ ಮಟಕಾ, 200 ಮಿಲಿಯ ಗ್ಲಾಸು, ಭಾಗಿಸಿದರೆ 200 ಜನ. ಕಾಗದದ ಮೇಲೆ. ನಿಜದಲ್ಲಿ ಮೊದಲ ಗ್ಲಾಸು ಮುಖಕ್ಕೆ, ಎರಡನೆಯದು ಬಾಯಿ ಮುಕ್ಕಳಿಸಲು, ಆಮೇಲೆ ಎರಡು ಹೊಟ್ಟೆಗೆ. ನಡುವೆ ಆಟೊದವರು ಎರಡು ಲೀಟರ್ ಬಾಟಲಿ ಹಿಡಿದು ಬಂದರೆ ಹತ್ತು ಜನರ ಪಾಲು ಒಂದೇ ಸಲಕ್ಕೆ ಹೋಯಿತು. ಅವರಿಗೆ ಬೇಡವೆನ್ನುವ ಹಾಗಿಲ್ಲ, ಅವರದೂ ಬಾಯಾರಿಕೆಯೇ. ಹಾಗಾಗಿ ತಲೆಗೆ ಒಂದು ಲೀಟರ್ ಹಿಡಿಯುವುದು ಕ್ಷೇಮ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ 1.30ರವರೆಗೆ. ಕಚೇರಿ ಬಿಟ್ಟ ಜನ ಒಮ್ಮೆಲೇ ರಸ್ತೆಗಿಳಿಯುವ ಹೊತ್ತಿಗೇ ಮಟಕಾ ಬರಿದಾಗಿರುತ್ತದೆ. ಅವಸರಕ್ಕೆ ಮಹಡಿಯ ಕಪ್ಪು ಟ್ಯಾಂಕಿನಿಂದ ನೀರು ತುಂಬಿಸುತ್ತಾರೆ. ಆ ನೀರಿಗೆ ಚಹಾಪುಡಿ, ಸಕ್ಕರಿ ಹಾಕಿದರೆ ಕೆಲಸ ಮುಗಿದಂತೆ. ತುಂಬಿದ ನೀರು ತಂಪಾಗಲು ನಾಲ್ಕೈದು ತಾಸು ಬೇಕು. ಅದಕ್ಕೇ ಎರಡು ಜೊತೆ ಮಟಕಾ ಇರಬೇಕು: ರಾತ್ರಿ ತುಂಬಿದ್ದು ಬೆಳಿಗ್ಗೆಗೆ, ಬೆಳಿಗ್ಗೆ ಆರಕ್ಕೆ ತುಂಬಿದ್ದು ಮಧ್ಯಾಹ್ನಕ್ಕೆ.

ಗ್ಲಾಸು ಕಳುವಾಗುತ್ತದೆಂದು ಸರಪಳಿ ಹಾಕುತ್ತಾರೆ. ಸರಪಳಿಯನ್ನು ಎರಡಡಿಗೆ ಕತ್ತರಿಸಿದರೆ ಎತ್ತರದ ಮನುಷ್ಯ ಮಟಕಾಕ್ಕೆ ನಮಸ್ಕಾರ ಹಾಕಿಯೇ ಕುಡಿಯಬೇಕು. ಎಲ್ಲರೂ ಅದ್ದುವ ಗ್ಲಾಸಿಗಿಂತ ಉದ್ದ ಹಿಡಿಕೆಯ ಸೌಟಿನಿಂದ ಬೊಗಸೆಗೆ ಹೊಯ್ಯುವುದು ಎಷ್ಟೋ ಶುದ್ಧ. ಅಂಗಿ ಒದ್ದೆಯಾದರೆ ಏಪ್ರಿಲ್‌ನಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಮಜ್ಜಿಗೆ ಹಂಚುವ ಹುಮ್ಮಸ್ಸಿದ್ದರೆ ಬೆಳಿಗ್ಗೆಯೇ ಕಡೆದಿಡಬೇಡಿ, ಹನ್ನೆರಡಕ್ಕೆ ಹುಳಿಯೊಡೆದು ಕುಡಿದವರ ಕಣ್ಣು ಮುಚ್ಚಿಸುತ್ತದೆ. ಮೊಸರನ್ನು ತಂಪಿನಲ್ಲಿಟ್ಟು, ಒಂದು ಲೀಟರಿಗೆ ನಾಲ್ಕು ಲೀಟರ್ ನೀರಿನಂತೆ ಆಗಾಗ ಕಡೆಯಿರಿ. ಬಿಸಿಲಿಗೆ ಸುಸ್ತಾಗಿ ಕೂತವರಿಗೆ ಮಾತ್ರ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾದ ಚಮಚ, ಮಟ್ಟಸ ಅಳತೆ. ಉಪ್ಪನ್ನು ಕೈಯಳತೆಯಲ್ಲಿ ಹಾಕುವವರನ್ನು ಈ ಕೆಲಸಕ್ಕೆ ಹತ್ತಿರ ಬಿಡಬಾರದು.

ಉದ್ಘಾಟನೆಯ ದಿನ ಇಪ್ಪತ್ತು ಸೇವಕರು, ಐದನೇ ದಿನ ಇಬ್ಬರು. ಅವರಲ್ಲೊಬ್ಬ ಪಕ್ಕದ ಪಾನ್ ಡಬ್ಬಿಯವನು, ಅವನ ಹೆಸರು ಫ್ಲೆಕ್ಸಿನಲ್ಲಿ ಇರುವುದಿಲ್ಲ. ಸಮಿತಿ ಮಾಡುವಾಗ ಮೊದಲು ಅವನನ್ನೇ ಕೇಳಬೇಕು, ಎರಡು ಗಂಟೆಗೆ ಅಲ್ಲಿರುವುದು ಅವನೇ.

ಮಳೆ ಹಿಡಿದ ಮೇಲೆ ಮಟಕಾಗಳನ್ನು ಸಾಬೂನು ಮುಟ್ಟಿಸದೆ, ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ, ಬೋರಲು ಹಾಕಿಡಬೇಕು. ಗಡಸು ನೀರಿನ ಬಿಳಿ ಉಪ್ಪು ಹೊರಮೈಗೆ ಕಟ್ಟಿದ್ದರೆ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ವರ್ಷ ತಂಪು ಕಡಿಮೆ. ಇಡುವುದು ಯಾರ ಮನೆಯಲ್ಲಿ ಎಂಬುದಕ್ಕೆ ಒಂದು ಸಭೆ ಸೇರುತ್ತದೆ, ಕೊನೆಗೆ ಖಜಾಂಚಿಯ ಮನೆಗೆ ಹೋಗುತ್ತವೆ. ಶ್ರಾವಣದ ಹೊತ್ತಿಗೆ ಅವರ ಮನೆಯವರು ಅದರಲ್ಲಿ ಕರಿಬೇವು ಹಚ್ಚಿರುತ್ತಾರೆ. ನಲ್ಲಿಗೆಂದು ಕೊರೆದ ತೂತು ಹೆಚ್ಚಿನ ನೀರು ಬಸಿಯಲು ಸರಿಯಾಗಿ ಕೂತಿರುತ್ತದೆ.