ನಾಯಿಯನ್ನು ಹಿಡಿದುಕೊಂಡವನ ಸಂಕಟ ಯಾರ ಲೆಕ್ಕಕ್ಕೆ?

ಬಿಡುವಾದಾಗಲೆಲ್ಲ ಗೋವಾದ ಒಂದು ಪ್ರಾಣಿ ಆಶ್ರಯಧಾಮಕ್ಕೆ ಹೋಗುತ್ತೇನೆ. ಅಲ್ಲಿ ಯಾವುದಾದರೂ ನಾಯಿಗೆ ದಯಾಮರಣ ಕೊಟ್ಟ ಸುದ್ದಿ ಹೊರಬಿದ್ದರೆ ಸಾಕು, ‘ಕೊಲೆಗಡುಕರು’ ಎಂಬ ಕಮೆಂಟುಗಳು ಸುರಿಯುತ್ತವೆ. ಹಾಗೆ ಬರೆಯುವವರಲ್ಲಿ ಎಷ್ಟು ಜನ ಹುಳುಬಿದ್ದ ಗಾಯವನ್ನು ಹತ್ತಿರದಿಂದ ಕಂಡಿದ್ದಾರೋ ಗೊತ್ತಿಲ್ಲ. ಸೊಂಟ ಮುರಿದು, ಮೂತ್ರದ ಮೇಲೂ ಹಿಡಿತ ತಪ್ಪಿ ನರಳುವ ಜೀವವನ್ನು ಕರುಣೆಯ ಹೆಸರಿನಲ್ಲಿ ಹಾಗೇ ಬಿಡುವುದು ಕ್ರೌರ್ಯವೆಂದೇ ನಾನು ನಂಬಿದ್ದೇನೆ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ಗೊಂದಲವಿಲ್ಲ. ವಾಸಿಯಾಗದ ಕಾಯಿಲೆ ಅಥವಾ ಬದುಕುಳಿಯಲಾಗದಂಥ ಗಾಯವಿದ್ದರೆ ಮಾತ್ರ ಬೀದಿನಾಯಿಗೆ ದಯಾಮರಣ. ಅದನ್ನು ಒಂದು ತಂಡ ತೀರ್ಮಾನಿಸಬೇಕು, ಪಶುವೈದ್ಯರೇ ಮಾಡಬೇಕು, ಇನ್ನೊಂದು ನಾಯಿಯ ಕಣ್ಣೆದುರು ಮಾಡಕೂಡದು. ಒಳ್ಳೆಯ ನಿಯಮ. ಆದರೆ ನಾಯಿಯನ್ನು ಹಿಡಿದುಕೊಂಡು ಎಲ್ಲವನ್ನೂ ನೋಡುತ್ತ ನಿಲ್ಲಲೇಬೇಕಾದ ಮನುಷ್ಯನ ಮನಸ್ಸಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ನಾನು ಹೋಗುವ ಕಡೆ ಆ ಮನುಷ್ಯ ನಮ್ಮವನೇ, ಗದಗದ ಕಡೆಯವನು. ವೈದ್ಯರು ಮುಂಗಾಲಿನ ಕೂದಲು ಕತ್ತರಿಸುವಾಗ ಅವನು ಮೊಣಕೈಯ ಹತ್ತಿರ ಹೆಬ್ಬೆರಳೊತ್ತಿ ನರ ಉಬ್ಬಿಸುತ್ತಾನೆ; ಇನ್ನೊಂದು ತೋಳು ನಾಯಿಯ ಕೊರಳ ಸುತ್ತ. ‘ಸಾಕಪ್ಪ, ಮಲಗು’ ಎಂದು ಕನ್ನಡದಲ್ಲೇ ಹೇಳುತ್ತಿರುತ್ತಾನೆ. ಔಷಧ ಒಳಗಿಳಿದಂತೆ ನಾಯಿಯ ಇಡೀ ಭಾರ ಅವನ ತೋಳಿಗೆ ಬರುತ್ತದೆ. ವೈದ್ಯರು ಸ್ಟೆತೊಸ್ಕೋಪ್ ಇಟ್ಟು ಖಚಿತಪಡಿಸಿಕೊಂಡು ಕಡತ ಬರೆಯಲು ಹೋಗುತ್ತಾರೆ. ಇವನು ದೇಹವನ್ನು ಹೊತ್ತೊಯ್ದು, ಮೇಜನ್ನು ಫಿನಾಯಿಲ್ ಹಾಕಿ ಒರೆಸಿ, ಮರಿಗಳಿಗೆ ಅನ್ನ ಹಾಕಬೇಕು.

ರೇಬೀಸ್ ಶಂಕೆಯಿರುವ ನಾಯಿಯ ವಿಷಯದಲ್ಲಂತೂ ಬೇನೆ ಇನ್ನೂ ಉದ್ದ. ರೇಬೀಸ್ ಇರುವ ಸಾಧ್ಯತೆ ಹೆಚ್ಚೆಂದು ಕಂಡರೆ ಅದನ್ನು ಪ್ರತ್ಯೇಕವಾಗಿರಿಸಿ, ತಾನಾಗಿಯೇ ಸಾಯುವವರೆಗೆ ಕಾಯಬೇಕೆನ್ನುತ್ತದೆ ನಿಯಮ. ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಆ ಗೂಡಿನ ಮುಂದೆ ದಿನವೂ ನೀರಿಡುವವನೂ ಇವನೇ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಇಂಥವರ ನೆನಪು ಯಾರಿಗೂ ಬರಲಿಲ್ಲ.

ಆರೋಗ್ಯವಂತ ಪ್ರಾಣಿಗಳನ್ನೂ ಕೊಲ್ಲಬೇಕಾಗಿ ಬರುವ ಕೆಲಸಗಾರರ ಸಂಕಟವನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ರೋಲಿನ್ ‘ನೈತಿಕ ಒತ್ತಡ’ ಎಂದು ಕರೆದರು. ಪ್ರೀತಿಯಿಂದ ಈ ಕೆಲಸಕ್ಕೆ ಬಂದವರೇ ಕೊಲ್ಲಬೇಕಾದಾಗ ಹುಟ್ಟುವ ಈ ಒತ್ತಡ, ದಣಿವು ಕಳೆಯುವ ಮಾಮೂಲಿ ಉಪಾಯಗಳಿಗೆ ಬಗ್ಗುವುದಿಲ್ಲ ಎಂಬುದು ಅವರ ವಾದ. ನಮ್ಮಲ್ಲಿ ಆರೋಗ್ಯವಂತ ಬೀದಿನಾಯಿಯನ್ನು ಕೊಲ್ಲುವಂತಿಲ್ಲ, ನಿಜ. ಆದರೆ ಇಲ್ಲಿ ಇನ್ನೊಂದು ಮುಳ್ಳಿದೆ: ನಾಲ್ಕು ದಿನ ಮೊದಲೇ ತಂದಿದ್ದರೆ ಇದು ಉಳಿಯುತ್ತಿತ್ತಲ್ಲ ಎಂಬ ಯೋಚನೆ. ಮಳೆಗಾಲಕ್ಕೆ ಮುಂಚೆ ಕಡಲತೀರದ ತಾತ್ಕಾಲಿಕ ಊಟದಂಗಡಿಗಳಾದ ಶ್ಯಾಕ್‌ಗಳು ಕಳಚಿಕೊಂಡಾಗ ಅಲ್ಲಿನ ಊಟ ನೆಚ್ಚಿಕೊಂಡಿದ್ದ ನಾಯಿಗಳು ಅನಾಥವಾಗುತ್ತವೆ. ಗಾಯವಾದರೂ ಯಾರೂ ಗಮನಿಸುವುದಿಲ್ಲ.

ಮನೆಯ ಮುದಿ ನಾಯಿಯನ್ನು ಆಶ್ರಯಧಾಮದ ಗೇಟಿಗೆ ಕಟ್ಟಿಹಾಕಿ ಹೊರಟುಹೋಗುವವರನ್ನೂ ಕಂಡಿದ್ದೇನೆ. ಹತ್ತು ಹನ್ನೆರಡು ವರ್ಷ ಸಾಕಿದವರು ಕೊನೆಯ ಹತ್ತು ನಿಮಿಷ ಜೊತೆಗಿರಲಾರರೇ? ದಯವಿಟ್ಟು ಒಳಗೆ ಬನ್ನಿ.

ಆಶ್ರಯಧಾಮ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಸಲವೂ ಒಬ್ಬನನ್ನೇ ಕರೆಯಬೇಡಿ. ಯಾಕೆ ಬೇರೆ ದಾರಿಯಿಲ್ಲ ಎಂಬುದನ್ನು ವೈದ್ಯರು ಅವನಿಗೂ ಕೂರಿಸಿ ಹೇಳಲಿ. ನಿತ್ಯ ಗಾಯ ತೊಳೆದವನು ಅವನು, ಅವನ ಅಭಿಪ್ರಾಯವನ್ನೂ ಕೇಳಲಿ. ಆ ದಿನದ ಉಳಿದ ಕೆಲಸವನ್ನು ಬೇರೆಯವರು ಮಾಡಲಿ, ಕೂಲಿ ಕಡಿಯಬೇಡಿ. ಆಪ್ತಸಮಾಲೋಚಕರನ್ನು ಕರೆಸುವುದಾದರೆ ಕನ್ನಡ ಬಲ್ಲವರನ್ನೇ ಹುಡುಕಿ. ಇಂಥ ಸಂಕಟವನ್ನು ಅವನು ಹರುಕುಮುರುಕು ಹಿಂದಿಯಲ್ಲಿ ಹೇಳಿಕೊಳ್ಳಲಾರ.