‘ಫ್ರೀ ಸೀಟು’ ಅಂದುಕೊಂಡು ಹೋದೆವು

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ. ಮನೆ ಹತ್ತಿರದ ಅಂಗಡಿ ಸಾಲಿನಲ್ಲಿ ಪಿಜ್ಜಾ ಅಂಗಡಿಗೂ ನೇಲ್ ಸಲೂನಿಗೂ ನಡುವೆ ಇಲ್ಲಿನ ಸೇನೆಗೆ ಜನರನ್ನು ಸೇರಿಸಿಕೊಳ್ಳುವ ಒಂದು ಆಫೀಸಿದೆ. ಗಾಜಿನ ಮೇಲೆ ಸೈನಿಕರ ಆಳೆತ್ತರದ ಚಿತ್ರ. ಹದಿನೆಂಟು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೇನಿದೆ ಅಂತ ಇಣುಕಿಯೂ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ನಾನು, ನನ್ನ ಮಗ ಇಬ್ಬರೂ ಅದರೊಳಗೆ ಕೂತಿದ್ದೆವು, ಸೇನೆಯ ಖರ್ಚಿನಲ್ಲಿ ಮೆಡಿಕಲ್ ಓದುವುದು ಹೇಗೆ ಅಂತ ಕೇಳಲು.

ಅಲ್ಲಿದ್ದ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿಸಿದ. ಮಗನ ವಯಸ್ಸು, ಓದು ಕೇಳಿದ. ಕಂಪ್ಯೂಟರ್ ಕಡೆ ತಿರುಗಿ ಅಸ್ವ್ಯಾಬ್ ಪರೀಕ್ಷೆಗೆ ತಾರೀಖು ಹುಡುಕಲು ಶುರುಮಾಡಿದ. ಅದು ಸಿಪಾಯಿಗಳಾಗಿ ಸೇರುವವರು ಬರೆಯುವ ಪರೀಕ್ಷೆ ಅಂತ ನಮಗೆ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಡಾಕ್ಟರಾಗುವವರು ಸೇರುವುದು ಅಧಿಕಾರಿಗಳಾಗಿ. ಅವರಿಗೆ ಬೇರೆಯೇ ರಿಕ್ರೂಟರ್ (ಸೇನೆಗೆ ಸೇರಿಸಿಕೊಳ್ಳುವವರು) ಇರುತ್ತಾರೆ, ಬೇರೆಯೇ ಆಫೀಸು. ನಮಗೆ ಆ ಆಫೀಸು ಒಂದೂವರೆ ಗಂಟೆ ಡ್ರೈವ್. ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ಇದನ್ನು ತಿಳಿದುಕೊಳ್ಳಿ. ನಮ್ಮ ಒಂದು ಶನಿವಾರ ಹಾಗೇ ಹೋಯಿತು.

ಹೋದದ್ದು ಎಚ್‌ಪಿಎಸ್‌ಪಿ ಎಂಬ ಸ್ಕಾಲರ್‌ಶಿಪ್ ಸಲುವಾಗಿ. ಇಲ್ಲಿನ ಆರ್ಮಿ, ನೇವಿ, ಏರ್‌ಫೋರ್ಸ್ ಮೂರೂ ಕೊಡುತ್ತವೆ. ಮೆಡಿಕಲ್ ಕಾಲೇಜಿನ ಪೂರ್ತಿ ಫೀಸು, ಪುಸ್ತಕ, ಸಲಕರಣೆ ಎಲ್ಲಾ ಅವರದೇ. ಕೈಖರ್ಚಿಗೆ ತಿಂಗಳಿಗೆ ಎರಡೂವರೆ ಸಾವಿರ ಡಾಲರಿಗಿಂತ ಜಾಸ್ತಿ. ಸೇರುವಾಗ 20,000 ಡಾಲರ್ ಬೋನಸ್. ಓದುವ ಹುಡುಗ ಅಮೆರಿಕದ ಸಿಟಿಜನ್ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ನಾಲ್ಕು ವರ್ಷ ಓದಿಸಿದರೆ ನಾಲ್ಕು ವರ್ಷ ಅವರಲ್ಲಿ ಡಾಕ್ಟರಾಗಿ ದುಡಿಯಬೇಕು.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಇದು ನನ್ನ ಕಿವಿಗೆ ಬಿದ್ದಿದ್ದು ಎರಡೇ ಪದದಲ್ಲಿ: ‘ಫ್ರೀ ಸೀಟಂತೆ!’ ಸಿಇಟಿ ಕಾಲದಿಂದ ಬಂದವರಿಗೆ ಆ ಎರಡು ಪದ ಸಾಕು ಅಲ್ವಾ? ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಅದರ ಜೊತೆ ಇಲ್ಲಿನ ಸಾಲದ ಹೆದರಿಕೆ ಬೇರೆ. ಪ್ರೈವೇಟ್ ಮೆಡಿಕಲ್ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಊಟ, ಬಾಡಿಗೆ ಸೇರಿ ಮೂರೂವರೆ ಲಕ್ಷ ಡಾಲರ್ ದಾಟುವುದು ಈಗ ಮಾಮೂಲು. 2025ರಲ್ಲಿ ಬಂದ ಕಾನೂನು 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಅಂತ ಸರ್ಕಾರ ಮೇಲಿನ ಓದಿಗೆ ಕೊಡುತ್ತಿದ್ದ ಸಾಲವನ್ನೇ ನಿಲ್ಲಿಸಿದೆ. ಮೆಡಿಕಲ್ ಓದುವವರಿಗೆ ಸರ್ಕಾರದಿಂದ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಮಿಕ್ಕಿದ್ದಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕು. ಇನ್ನು ಮುಂದೆ ಈ ರಿಕ್ರೂಟರ್‌ಗಳ ಫೋನು ಬಿಡುವಿಲ್ಲದೆ ಹೊಡೆದುಕೊಂಡರೆ ನನಗೇನೂ ಆಶ್ಚರ್ಯ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ನಮ್ಮನೆಯವರು ಎಕ್ಸೆಲ್ ಶೀಟ್ ಮಾಡಿದರು. ಒಂದು ಕಡೆ ಸಾಲ, ಬಡ್ಡಿ, ತಿಂಗಳ ಕಂತು. ಇನ್ನೊಂದು ಕಡೆ ಸೊನ್ನೆ, ಸೊನ್ನೆ, ಸೊನ್ನೆ. ಅದನ್ನು ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದರು. ಮಗ ಹಾಲು ತೆಗೆಯಲು ಬಂದಾಗಲೆಲ್ಲ ಅದನ್ನು ನೋಡಬೇಕು.

ಸರಿಯಾದ ರಿಕ್ರೂಟರ್ ಸಿಕ್ಕಿದ ಮೇಲೆ ನಾವು ಅವರನ್ನು ಕೇಳಿದ ಪ್ರಶ್ನೆಗಳ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಹನ್ನೊಂದು ಪ್ರಶ್ನೆ. ಒಂಬತ್ತು ದುಡ್ಡಿನದು. ಬೋನಸ್ಸಿಗೆ ಟ್ಯಾಕ್ಸ್ ಇದೆಯಾ (ಇದೆ), ಕೈಖರ್ಚಿಗೆ ಇದೆಯಾ (ಅದಕ್ಕೂ ಇದೆ), ಹೆಲ್ತ್ ಇನ್ಶೂರೆನ್ಸ್ ದುಡ್ಡು ವಾಪಸ್ ಕೊಡುತ್ತಾರಾ, ಇಂಥವು. ಹತ್ತನೆಯದು ಯುದ್ಧಕ್ಕೆ ಕಳಿಸುತ್ತಾರಾ ಅಂತ. ಹನ್ನೊಂದನೆಯದು ಮಗ ತಾನೇ ಪೆನ್ಸಿಲಿನಲ್ಲಿ ಸೇರಿಸಿದ್ದು: ನನಗೆ ಆರ್ಥೋಪೆಡಿಕ್ಸ್ (ಮೂಳೆ ವಿಭಾಗ) ಮಾಡಬೇಕು, ಸಿಗುತ್ತಾ?

ಅದಕ್ಕೆ ಬಂದ ಉತ್ತರ, ‘ಬಹಳಷ್ಟು ಜನರಿಗೆ ಅವರು ಕೇಳಿದ್ದೇ ಸಿಗುತ್ತೆ.’

ಇದು ಸುಳ್ಳಲ್ಲ. ರಿಕ್ರೂಟರ್‌ಗಳು ಸುಳ್ಳುಗಾರರು ಅಂತ ಸುಮ್ನೆ ಬೈಯುವವರನ್ನು ನಾನು ಒಪ್ಪುವುದಿಲ್ಲ. ನಮಗೆ ಸಿಕ್ಕವರು ಡಾಕ್ಟರಲ್ಲ. ರೆಸಿಡೆನ್ಸಿ, ಅಂದರೆ ಮೆಡಿಕಲ್ ಓದಿದ ಮೇಲೆ ಒಂದು ವಿಭಾಗದಲ್ಲಿ ಪಡೆಯುವ ಆಸ್ಪತ್ರೆ ತರಬೇತಿ, ಮಾಡಿದವರಲ್ಲ. ಇಷ್ಟು ಜನರನ್ನು ಸೇರಿಸಬೇಕು ಅಂತ ಅವರ ಮೇಲೆ ಲೆಕ್ಕ ಇರುತ್ತದೆ. ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ಕೇಳದೇ ಇದ್ದದ್ದನ್ನು ಹೇಳುವುದು ಅವರ ಕೆಲಸ ಅಲ್ಲ. ಸೀರೆ ಅಂಗಡಿಯವನು ಬಣ್ಣ ಬಿಡುತ್ತೆ ಅಂತ ತಾನಾಗಿ ಹೇಳುತ್ತಾನಾ? ಒಂಬತ್ತು ಪ್ರಶ್ನೆ ದುಡ್ಡಿನ ಮೇಲೆ ಕೇಳಿದವರು ನಾವು. ದುಡ್ಡಿನ ವಿಷಯ ಅವರು ಒಂದಕ್ಷರ ತಪ್ಪು ಹೇಳಲಿಲ್ಲ.

ಕೊಕ್ಕೆ ಇದ್ದದ್ದು ವರ್ಷಗಳಲ್ಲಿ. ಕಾಲೇಜು ಮುಗಿದ ಮೇಲೆ ರೆಸಿಡೆನ್ಸಿ ಮಾಡಬೇಕಲ್ಲ, ಆ ವರ್ಷಗಳು ತೀರಿಸುವ ಲೆಕ್ಕಕ್ಕೆ ಬರುವುದಿಲ್ಲ. ಸೇನೆಯ ಆಸ್ಪತ್ರೆಯಲ್ಲೇ ಹಗಲು ರಾತ್ರಿ ದುಡಿದಿರಲಿ, ನಾಲ್ಕು ವರ್ಷದ ಎಣಿಕೆ ಶುರುವಾಗುವುದು ಆಮೇಲೆ. ಓದು ನಾಲ್ಕು, ಆರ್ಥೋ ಐದು, ಋಣ ನಾಲ್ಕು. ಹದಿಮೂರು. ಇಪ್ಪತ್ತಮೂರರ ಹುಡುಗ ಹೊರಗೆ ಬರುವುದು ಮೂವತ್ತಾರಕ್ಕೆ. ಅದೂ ನಡುವೆ ಏನೂ ಸೇರಿಕೊಳ್ಳದಿದ್ದರೆ. ನಾವು ಮನೆಯಲ್ಲಿ ಆರು ತಿಂಗಳು ‘ನಾಲ್ಕು ವರ್ಷ ತಾನೇ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹೋಗುತ್ತೆ’ ಅಂತ ಮಾತಾಡಿಕೊಂಡಿದ್ದೆವು.

ಇನ್ನೊಂದು, ಇದನ್ನು ನನ್ನ ಹ್ಯೂಸ್ಟನ್ ಗೆಳತಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಸೇನೆ ನಿಮ್ಮ ಋಣವನ್ನು ಡಾಲರಿನಲ್ಲಿ ಬರೆದಿಡುವುದಿಲ್ಲ, ವರ್ಷದಲ್ಲಿ ಬರೆದಿಡುತ್ತದೆ. ಅವಳ ಮಗಳಿಗೆ ಸೀಟು ಸಿಕ್ಕಿದ್ದು ಟೆಕ್ಸಸ್‌ನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ. ಆ ರಾಜ್ಯದವರಿಗೆ ಅಲ್ಲಿ ಫೀಸು ವರ್ಷಕ್ಕೆ ಸುಮಾರು 20,000 ಡಾಲರ್. ನಮ್ಮ ಕಡೆಯ ಪ್ರೈವೇಟ್ ಕಾಲೇಜಿನಲ್ಲಿ ಅದರ ಮೂರು ಪಟ್ಟು. ತೀರಿಸಬೇಕಾದ್ದು ಮಾತ್ರ ಇಬ್ಬರೂ ಅದೇ ನಾಲ್ಕು ವರ್ಷ! ಅವಳ ಮಗಳಿಗೆ ಇದು ದುಬಾರಿ ಬಾಬ್ತು. ಹಾಗೇ ಆ ಬೋನಸ್. ಮೂರು ವರ್ಷದ ಸ್ಕಾಲರ್‌ಶಿಪ್ ಮಾತ್ರ ತೆಗೆದುಕೊಂಡವರೂ 20,000 ಮುಟ್ಟಿದರೆ ನಾಲ್ಕು ವರ್ಷಕ್ಕೆ ಕಟ್ಟುಬೀಳುತ್ತಾರೆ. ಟ್ಯಾಕ್ಸ್ ಹೋಗಿ ಕೈಗೆ ಬರುವ ದುಡ್ಡಿಗೆ ಒಂದು ವರ್ಷ ಮಾರಿಕೊಂಡ ಹಾಗೆ.

ಈಗ ಆ ಪೆನ್ಸಿಲ್ ಪ್ರಶ್ನೆಗೆ ಬರುತ್ತೇನೆ. ಯಾರಿಗೆ ಯಾವ ರೆಸಿಡೆನ್ಸಿ ಸೀಟು ಅಂತ ಹಂಚುವುದಕ್ಕೆ ಇಲ್ಲಿ ಮ್ಯಾಚ್ ಅನ್ನುತ್ತಾರೆ, ಸೇನೆಗೆ ಅದರದೇ ಮ್ಯಾಚ್ ಇದೆ. ಫಲಿತಾಂಶ ಡಿಸೆಂಬರ್‌ನಲ್ಲಿ, ಉಳಿದವರ ಮ್ಯಾಚ್ ಮಾರ್ಚ್‌ನಲ್ಲಿ. ಯಾವ ವಿಭಾಗದಲ್ಲಿ ಎಷ್ಟು ಸೀಟು ಅನ್ನುವುದು ಆ ವರ್ಷ ಸೇನೆಗೆ ಎಷ್ಟು ಜನ ಬೇಕು ಅನ್ನುವುದರ ಮೇಲೆ. ಹೊರಗಿನ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡಿ ಬರುತ್ತೇನೆ ಅಂದರೂ ಅವರೇ ಒಪ್ಪಿಗೆ ಕೊಡಬೇಕು. ಕೇಳಿದ್ದು ಸಿಗದಿದ್ದರೆ ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಜನರಲ್ ಮೆಡಿಕಲ್ ಆಫೀಸರ್ ಆಗಿ ಹೋಗಬೇಕಾಗಬಹುದು. ಹಡಗಿನಲ್ಲಿ, ಸೈನಿಕರ ತುಕಡಿಯ ಜೊತೆ, ಪೈಲಟ್‌ಗಳನ್ನು ನೋಡಿಕೊಳ್ಳುವ ಫ್ಲೈಟ್ ಸರ್ಜನ್ ಆಗಿ. ನೇವಿಯಲ್ಲಿ ಇದು ಮೊದಲಿಂದಲೂ ಜಾಸ್ತಿ. (ಫ್ಲೈಟ್ ಸರ್ಜನ್ ಅಂದರೆ ವಿಮಾನದಲ್ಲಿ ಆಪರೇಷನ್ ಮಾಡುವವರು ಅಂತ ನಮ್ಮನೆಯವರು ಒಂದು ವಾರ ಹೆಮ್ಮೆಯಿಂದ ಓಡಾಡಿದರು. ಅವರು ಆಪರೇಷನ್ ಮಾಡುವವರಲ್ಲ.)

ಸೇನೆಯ ಕಡೆಯಿಂದ ನೋಡಿದರೆ ಇದರಲ್ಲಿ ಮೋಸ ಇಲ್ಲ. ಮೊದಲು ಡಾಕ್ಟರುಗಳನ್ನೂ ಕಡ್ಡಾಯವಾಗಿ ಸೇನೆಗೆ ಎಳೆಯುತ್ತಿದ್ದರು. ಕೊರಿಯಾ ಯುದ್ಧದ ಹೊತ್ತಿಗೆ, 1950ರಲ್ಲಿ, ಅದಕ್ಕೆಂದೇ ಕಾನೂನು ಬಂತು. 1973ಕ್ಕೆ ಕಡ್ಡಾಯ ಸೇನಾ ಭರ್ತಿ ನಿಂತಿತು. ಇನ್ನು ಡಾಕ್ಟರುಗಳು ಎಲ್ಲಿಂದ ಬರಬೇಕು? ಅದಕ್ಕೇ 1972ರಲ್ಲೇ ಒಂದು ಕಾನೂನು ಮಾಡಿ ಈ ಸ್ಕಾಲರ್‌ಶಿಪ್ಪನ್ನೂ, ಈಗ ಬೆಥೆಸ್ಡಾದಲ್ಲಿರುವ ಸೇನೆಯ ಸ್ವಂತ ಮೆಡಿಕಲ್ ಕಾಲೇಜನ್ನೂ ಹುಟ್ಟುಹಾಕಿದರು. ಆ ಕಾಲೇಜಿನಲ್ಲಿ ಫೀಸಿಲ್ಲ, ಸಂಬಳವನ್ನೂ ಕೊಡುತ್ತಾರೆ, ಋಣ ಏಳು ವರ್ಷ. ಅವರಿಗೆ ಬೇಕಾಗಿರುವುದು ಡಾಕ್ಟರುಗಳು, ನಮ್ಮ ಮಗನ ಆರ್ಥೋಪೆಡಿಕ್ಸ್ ಆಸೆ ಅಲ್ಲ.

ಇನ್ನು ಮೆಪ್ಸ್. ದೇಹ ಪರೀಕ್ಷೆ ಮಾಡುವ ಜಾಗ. ಮಗನಿಗೆ ಹದಿನಾಲ್ಕನೇ ವಯಸ್ಸಿನ ಚಳಿಗಾಲದಲ್ಲಿ ಕೆಮ್ಮು ಹತ್ತಿ ಡಾಕ್ಟರು ಅಸ್ತಮಾ ಅಂತ ಬರೆದು ಇನ್‌ಹೇಲರ್ ಕೊಟ್ಟಿದ್ದರು. ಎರಡು ತಿಂಗಳಲ್ಲಿ ಬಿಟ್ಟ. ಹದಿಮೂರು ತುಂಬಿದ ಮೇಲೆ ಅಸ್ತಮಾ ಇದ್ದರೆ ಸೇನೆಯ ನಿಯಮದ ಪ್ರಕಾರ ಅನರ್ಹ, ವಿನಾಯಿತಿ ಬೇಕು. ರಿಕ್ರೂಟರ್ ಫಾರ್ಮ್ ಮೇಲಿಂದ ಕಣ್ಣೆತ್ತಿ, ‘ಅದು ಬರೀ ಕೆಮ್ಮು ಇದ್ದಿರಬೇಕು ಅಲ್ವಾ?’ ಅಂದರು. ಅಷ್ಟೇ ಅಂದದ್ದು. ಪೆನ್ನು ಫಾರ್ಮ್ ಮೇಲೆ ಹಾಗೇ ನಿಂತಿತ್ತು.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ನಮ್ಮನೆಯವರೂ ಸುಮ್ಮನೆ ಕೂತೆವು. ಕಾರಿನಲ್ಲಿ ವಾಪಸ್ ಬರುವಾಗ ನಮ್ಮನೆಯವರು, ‘ಕೆಮ್ಮು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು?’ ಅಂದರು. ‘ಇಲ್ಲ ಸರ್, ಅಸ್ತಮಾ ಅಂತಲೇ ಬರೆದಿದ್ದರು’ ಅಂತ ಅಲ್ಲೇ ರಿಕ್ರೂಟರಿಗೆ ಹೇಳಿದವನು ಮಗ. ಹಾಗನ್ನದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ತಿಳಿಯಿತು. 2022ರಿಂದ ಮೆಪ್ಸ್‌ನವರ ಕಂಪ್ಯೂಟರು ಹೊರಗಿನ ಆಸ್ಪತ್ರೆಗಳ ದಾಖಲೆಯನ್ನೇ ಎಳೆದು ನೋಡುತ್ತದೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಸಹಿ ಹುಡುಗನದು, ಆಫೀಸಿನವರದಲ್ಲ. ವಿನಾಯಿತಿ ಬರಲು ಐದು ತಿಂಗಳಾಯಿತು. ಅಷ್ಟರಲ್ಲಿ ಆ ರಿಕ್ರೂಟರಿಗೆ ವರ್ಗವಾಗಿತ್ತು. ಹೊಸಬರು ಫೈಲೇ ಸಿಗುತ್ತಿಲ್ಲ, ಇನ್ನೊಮ್ಮೆ ಕಳಿಸಿ ಅಂದರು. ಕಳಿಸಿದ ಪ್ರತಿಯೊಂದು ಕಾಗದದ ನಕಲನ್ನೂ ಇಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡಿದ್ದನ್ನು ಅವತ್ತೇ ಈಮೇಲ್‌ನಲ್ಲಿ ಬರೆದು ಕಳಿಸಿ. ಕರಾರಿನಲ್ಲಿ ಇಲ್ಲದ ಮಾತು ಗಾಳಿಗೆ ಹೋದ ಮಾತು.

ಎಸ್‌ಎಫ್ 86 ಅಂತ ಇನ್ನೊಂದು ಫಾರ್ಮ್ ಇದೆ. ಹಿನ್ನೆಲೆ ತನಿಖೆಗೆ. ಹತ್ತು ವರ್ಷದ ಮನೆ ವಿಳಾಸಗಳು, ಏಳು ವರ್ಷದ ವಿದೇಶ ಪ್ರವಾಸ, ಮತ್ತೆ ಬೇರೆ ದೇಶದಲ್ಲಿ ನಿಮಗೆ ಹತ್ತಿರದವರು ಯಾರು ಯಾರು. ಮಗ ಪ್ರತಿ ಭಾನುವಾರ ತೀರ್ಥಹಳ್ಳಿಗೆ ಫೋನ್ ಮಾಡುವವನು. ಅಜ್ಜಿಯನ್ನು ಬರೆಯದೆ ಇರಲು ಆಗುತ್ತಾ? ಹುಟ್ಟಿದ ತಾರೀಖು ಬೇಕು.

‘ಆಧಾರ್‌ನಲ್ಲಿ ಜನವರಿ ಒಂದು ಅಂತಿದೆ ಮಾರಾಯ್ತಿ, ಅದು ಆ ಹುಡುಗ ಬರ್ಕೊಂಡಿದ್ದು’ ಅಂದರು ಅಮ್ಮ. ‘ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ದಿನ ಅಂತೆ. ಯಾವ ವರ್ಷದ ಗೌರಿ ಹಬ್ಬ ಅಂತ ನಮ್ಮಮ್ಮನ್ನ ಕೇಳ್ಬೇಕಿತ್ತು.’ ಆಮೇಲೆ ಸ್ವಲ್ಪ ತಡೆದು, ‘ಅಮೆರಿಕದ ಮಿಲ್ಟ್ರಿಯೋರಿಗೆ ನನ್ನ ಜಾತಕ ಯಾಕೆ?’ ಪುಣ್ಯಕ್ಕೆ ಆ ಫಾರ್ಮಿನಲ್ಲಿ ತಾರೀಖಿನ ಪಕ್ಕ ‘ಅಂದಾಜು’ ಅಂತ ಗುರುತು ಹಾಕಲು ಒಂದು ಚೌಕ ಇದೆ.

ಕರಾರು ಬಂದದ್ದು ಒಂದು ಸೋಮವಾರ. ಶುಕ್ರವಾರದೊಳಗೆ ಸಹಿ ಅಂದರು. ಆ ನಾಲ್ಕು ದಿನದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ, ಮಗ ಪರಿಚಯದವರ ಪರಿಚಯ ಹಿಡಿದು ಸೇನೆಯಲ್ಲೇ ಇರುವ ಒಬ್ಬ ಡಾಕ್ಟರಮ್ಮನನ್ನು ಹುಡುಕಿದ್ದು. ಮಕ್ಕಳ ಡಾಕ್ಟರು, ಇದೇ ಸ್ಕಾಲರ್‌ಶಿಪ್‌ನಲ್ಲಿ ಓದಿದವರು. ಮುಕ್ಕಾಲು ಗಂಟೆ ಮಾತಾಡಿದರು. ತಮಗೆ ಈ ಬದುಕು ಇಷ್ಟ ಅಂದರು. ರೆಸಿಡೆಂಟ್ ಆಗಿದ್ದಾಗ ಹೊರಗಿನವರಿಗಿಂತ ಜಾಸ್ತಿ ಸಂಬಳ ಸಿಕ್ಕಿತು, ಸಾಲ ಅನ್ನುವುದೇ ಗೊತ್ತಿಲ್ಲ ಅಂದರು. ಮೂರು ಊರು ಬದಲಾದದ್ದು, ಗಂಡನ ಕೆಲಸ ಎರಡು ಸಲ ಹೋದದ್ದನ್ನೂ ಹೇಳಿದರು. ಕೊನೆಗೆ ಕೇಳಿದ್ದು ಇಷ್ಟು: ‘ಆರ್ಥೋ ಸಿಗಲಿಲ್ಲ, ಎರಡು ವರ್ಷ ತುಕಡಿಯ ಜೊತೆ ಹೋಗು, ಆಮೇಲೆ ನೋಡೋಣ ಅಂದರು ಅಂತಿಟ್ಟುಕೋ. ಅವತ್ತೂ ನಿನಗೆ ಆ ಯೂನಿಫಾರ್ಮ್ ಇಷ್ಟವಾಗುತ್ತಾ?’

ಮಗ ಎರಡು ದಿನ ಊಟಕ್ಕೆ ಮೇಲಿಂದ ಇಳಿದು ಬರುತ್ತಿದ್ದ, ತಿಂದು ಹೋಗುತ್ತಿದ್ದ. ಗುರುವಾರ ರಾತ್ರಿ ಫ್ರಿಜ್ ಮೇಲಿನ ಎಕ್ಸೆಲ್ ಶೀಟ್ ಕಿತ್ತು ಮೇಜಿನ ಮೇಲಿಟ್ಟ. ‘ಅಮ್ಮಾ, ಇದರಲ್ಲಿ ನಾನೆಲ್ಲೂ ಇಲ್ಲ’ ಅಂದ.

ಸಹಿ ಹಾಕಲಿಲ್ಲ. ಸಾಲ ಮಾಡಿದ್ದೇವೆ. ಹೌದು, ರಾತ್ರಿ ಅದರ ಯೋಚನೆ ಬರುತ್ತದೆ. ಆದರೆ ಇದು ಒಂದೇ ದಾರಿ ಅಂತ ಹೆದರಿಸುವವರಿಗೆ ಹೇಳಿ: ಫೈನಾನ್ಶಿಯಲ್ ಅಸಿಸ್ಟೆನ್ಸ್ ಪ್ರೋಗ್ರಾಂ ಅಂತ ಸೇನೆಯದೇ ಇನ್ನೊಂದಿದೆ. ಹೊರಗೆ ರೆಸಿಡೆನ್ಸಿ ಸೇರಿದ ಮೇಲೆ, ಅಂದರೆ ಏನಾಗುತ್ತೇನೆ ಅಂತ ಗೊತ್ತಾದ ಮೇಲೆ ಸೇರಬಹುದು. ಅವರಿಗೆ ಬೇಕಾದ ವಿಭಾಗವಾಗಿರಬೇಕು ಅಷ್ಟೇ. ನಮಗೆ ಅದನ್ನು ಹೇಳಿದ್ದು ಆ ಡಾಕ್ಟರಮ್ಮ. ಸಾಮಾನ್ಯ ವೈದ್ಯ, ಮಕ್ಕಳ ವೈದ್ಯ ಆಗುವ ಮನಸ್ಸಿದ್ದವರಿಗೆ ಡಾಕ್ಟರಿಲ್ಲದ ಊರುಗಳಲ್ಲಿ ಕೆಲಸ ಮಾಡಿ ತೀರಿಸುವ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಸ್ಕಾಲರ್‌ಶಿಪ್ಪೂ ಇದೆ. ನಮ್ಮಲ್ಲಿನ ಹಳ್ಳಿ ಸೇವೆ ಬಾಂಡಿನ ಹಾಗೆ ಅಂದುಕೊಳ್ಳಿ.

ಸೇನೆ ದುಡ್ಡು ಕೊಡದಿದ್ದರೂ ಸೇನೆಗೆ ಹೋಗುತ್ತಿದ್ದೆ ಅನ್ನುವ ಮಕ್ಕಳಿರುತ್ತಾರೆ. ಕೊಡಗಿನ ನನ್ನ ಗೆಳತಿಯ ಮನೆಯಲ್ಲಿ ಅಂಥವರೇ ತುಂಬಿದ್ದಾರೆ. ಅಂಥ ಮಗು ನಿಮ್ಮನೆಯಲ್ಲಿದ್ದರೆ ಕಳಿಸಿ, ನನ್ನ ಬರಹ ಮರೆತುಬಿಡಿ. ನಮ್ಮ ಹುಡುಗ ಹಾಗಿರಲಿಲ್ಲ. ಅವನನ್ನು ಕಳಿಸಲು ಹೊರಟಿದ್ದು ಆ ಎಕ್ಸೆಲ್ ಶೀಟು.

ಹೋದ ಭಾನುವಾರ ಅಮ್ಮ ಫೋನಿನಲ್ಲಿ ಕೇಳಿದರು, ‘ಆ ಮಿಲ್ಟ್ರಿಯೋರು ಕಡೆಗೆ ನನ್ನ ಹುಟ್ಟಿದ ದಿನ ಯಾವುದು ಅಂತ ಬರ್ಕೊಂಡ್ರೇ? ಗೊತ್ತಾದ್ರೆ ನಂಗೂ ಹೇಳು.’