ಏಕಗವಾಕ್ಷಿ ಸಾಹೇಬರು

ಒಂದು ಸಹಿಗಾಗಿ ಮೂರು ಕಚೇರಿ, ಆರು ಮೇಜು ಅಲೆದವರಿಗಷ್ಟೇ ‘ಏಕಗವಾಕ್ಷಿ’ ಎಂಬ ಮಾತಿನ ರುಚಿ ಗೊತ್ತು. ಎಲ್ಲ ಕೆಲಸವೂ ಒಂದೇ ಕಿಟಕಿಯಲ್ಲಿ! ಇದು ನಮ್ಮ ಕಾಲದ ಅಧಿಕಾರಿಗಳ ತಲೆಯಿಂದ ಉದುರಿದ ಮುತ್ತು ಎಂದೇ ನಾನು ನಂಬಿದ್ದೆ. ನೋಡಿದರೆ 1760ರಲ್ಲೇ ಬಾಸ್ಟನ್ ಪಟ್ಟಣದಲ್ಲಿ ಇದು ಜೋರಾಗಿ ಜಾರಿಯಲ್ಲಿತ್ತು. ಕಿಟಕಿಯ ಹೆಸರು ಥಾಮಸ್ ಹಚಿನ್ಸನ್.

ಅಮೆರಿಕ ಎಂಬ ದೇಶ ಆಗಿನ್ನೂ ಹುಟ್ಟಿರಲಿಲ್ಲ. ಮ್ಯಾಸಚೂಸೆಟ್ಸ್ ಇಂಗ್ಲೆಂಡಿನ ದೊರೆಯ ಒಂದು ಪ್ರಾಂತ್ಯ. ಆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಯಾರು? ಹಚಿನ್ಸನ್. ಗವರ್ನರಿಗೆ ಸಲಹೆ ಕೊಡುವ, ಮೇಲ್ಮನೆಯಾಗಿ ಶಾಸನಕ್ಕೂ ಕೈಯೆತ್ತುವ ಕೌನ್ಸಿಲಿನಲ್ಲಿ ಕೂತವರು? ಅವರೇ. ಬಂದರಿನ ಬಾಯಿ ಕಾಯುವ ಕ್ಯಾಸಲ್ ವಿಲಿಯಂ ಕೋಟೆಯ ಕ್ಯಾಪ್ಟನ್? ಅವರೇ. ಇವೆಲ್ಲ ಬೇಡಪ್ಪಾ, ಸತ್ತಾದರೂ ತಪ್ಪಿಸಿಕೊಳ್ಳೋಣವೆಂದು ಯಾರಾದರೂ ಕಣ್ಣು ಮುಚ್ಚಿದರೆ, ಉಯಿಲು ಬಿಚ್ಚುವ ಸಫೊಕ್ ಕೌಂಟಿಯ ಪ್ರೊಬೇಟ್ ಕೋರ್ಟಿನಲ್ಲೂ ಸಾಹೇಬರೇ ಕನ್ನಡಕ ಏರಿಸಿಕೊಂಡು ಕಾಯುತ್ತಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿ ಸ್ಟೀಫನ್ ಸೀವಾಲ್ ತೀರಿಕೊಂಡರು. ಹೊಸ ಗವರ್ನರ್ ಫ್ರಾನ್ಸಿಸ್ ಬರ್ನಾರ್ಡ್ ಸುತ್ತ ನೋಡಿದರು. ಇಡೀ ಪ್ರಾಂತ್ಯದಲ್ಲಿ ಕೈ ಖಾಲಿ ಇದ್ದ ಒಬ್ಬನೇ ಮನುಷ್ಯ ಅವರ ಕಣ್ಣಿಗೆ ಬಿದ್ದ. ಹಚಿನ್ಸನ್.

ಕಾನೂನು ಓದಿದ್ದರೇ? ಅದೊಂದು ಬಿಟ್ಟು ಉಳಿದದ್ದೆಲ್ಲ ಓದಿದ್ದರು. ಹುಟ್ಟಿದ್ದು 1711ರಲ್ಲಿ, ಬಾಸ್ಟನ್ನಿನ ವರ್ತಕರ ಮನೆಯಲ್ಲಿ. ಹನ್ನೆರಡನೇ ವಯಸ್ಸಿಗೇ ಹಾರ್ವರ್ಡ್ ಸೇರಿದ ಹುಡುಗನಿಗೆ ಅಪ್ಪ ಎರಡು ಮೂರು ಕ್ವಿಂಟಲ್ ಮೀನು ಕೊಟ್ಟು ವ್ಯಾಪಾರ ಕಲಿ ಎಂದನಂತೆ. ಹುಡುಗ ಎಷ್ಟು ಚೆನ್ನಾಗಿ ಕಲಿತನೆಂದರೆ, ಇಪ್ಪತ್ತೊಂದಾಗುವಷ್ಟರಲ್ಲಿ ಆ ಮೀನು ಮರಿ ಹಾಕಿ ನಾನೂರು ಐನೂರು ಪೌಂಡ್ ಆಗಿತ್ತು. 1737ರಲ್ಲಿ ಚುನಾವಣೆ ಗೆದ್ದರು, ಮುಂದೆ ಸ್ಪೀಕರ್ ಆದರು. 1749ರಲ್ಲಿ, ಬೆಲೆ ಕಳಕೊಂಡು ಬೀದಿಪಾಲಾಗಿದ್ದ ಕಾಗದದ ನೋಟುಗಳನ್ನೆಲ್ಲ ವಾಪಸು ತಗೊಂಡು ಬೆಳ್ಳಿ ನಾಣ್ಯ ತರುವ ಕಾಯ್ದೆ ಮಾಡಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಆ ವರ್ಷದ ಚುನಾವಣೆಯಲ್ಲಿ ಸೋತರು. ಸೋತವರನ್ನು ಮನೆಗೆ ಕಳಿಸುವ ಪದ್ಧತಿ ಅಲ್ಲೂ ಇರಲಿಲ್ಲ, ಕೌನ್ಸಿಲಿಗೆ ಕಳಿಸಿದರು. ನಾಣ್ಯ ಮತ್ತು ವ್ಯಾಪಾರದ ವಿಷಯವನ್ನು ಈ ದೇಶದಲ್ಲಿ ಅವರಷ್ಟು ಬಲ್ಲವರನ್ನು ನಾನು ಕಾಣೆ ಎಂದು, ಜೀವಮಾನವಿಡೀ ಅವರನ್ನು ಬೈದ, ಮುಂದೆ ಅಮೆರಿಕದ ಅಧ್ಯಕ್ಷರೂ ಆದ ಜಾನ್ ಆಡಮ್ಸ್ ಮುದಿವಯಸ್ಸಿನಲ್ಲಿ ಒಪ್ಪಿಕೊಂಡಿದ್ದಾರೆ. ವಕೀಲಿ ಓದದವರು ನ್ಯಾಯಪೀಠದಲ್ಲಿ ಕೂರುವುದೂ ಆಗ ಹೊಸದಾಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ ಓದಿದ ವಕೀಲನೊಬ್ಬ ಆ ಪೀಠದ ಮೇಲೆ ಮೊದಲೇ ಟವೆಲ್ ಹಾಸಿದ್ದ. ಫಜೀತಿ ಶುರುವಾದದ್ದು ಅಲ್ಲಿಂದ.

ಆತ ಹಿರಿಯ ಜೇಮ್ಸ್ ಓಟಿಸ್. ಜಾಗ ಖಾಲಿಯಾದಾಗ ನಿನಗೇ ಎಂದು ಹಿಂದಿನ ಗವರ್ನರ್ ಮಾತು ಕೊಟ್ಟಿದ್ದರು. ಹಿಂದಿನ ಗವರ್ನರ್ ಕೊಟ್ಟ ಮಾತು ಹೊಸ ಗವರ್ನರ್ ಬಂದ ದಿನ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೇ? ಅಪ್ಪನಿಗಾದ ಅವಮಾನಕ್ಕೆ ಪ್ರಾಂತ್ಯಕ್ಕೇ ಬೆಂಕಿ ಹಚ್ಚುತ್ತೇನೆಂದು ಮಗ, ಕಿರಿಯ ಜೇಮ್ಸ್ ಓಟಿಸ್, ಶಪಥ ಮಾಡಿದನೆಂಬ ಪುಕಾರು ಎದ್ದಿತು. ಬೆಂಕಿಯ ಮಾತಿರಲಿ, ಸರ್ಕಾರಿ ವಕೀಲಿಕೆ ಬಿಟ್ಟು 1761ರ ಫೆಬ್ರವರಿಯಲ್ಲಿ ಅದೇ ಹಚಿನ್ಸನ್ನರ ಎದುರು ಬಂದು ನಿಂತದ್ದಂತೂ ನಿಜ. ಕಸ್ಟಮ್ಸಿನವರು ಯಾರ ಮನೆಗಾದರೂ, ಯಾವ ಗೋದಾಮಿಗಾದರೂ ನುಗ್ಗಿ ಹುಡುಕಬಹುದೆಂಬ ಹೆಸರಿಲ್ಲದ ವಾರಂಟು ಸರಿಯೋ ತಪ್ಪೋ ಎಂಬುದು ಪ್ರಶ್ನೆ. ಓಟಿಸ್ ಗಂಟೆಗಟ್ಟಲೆ ವಾದಿಸಿದ. ಪೀಠದ ಮೇಲೆ ಎಲ್ಲರೂ ಹೊಸ ಕಡುಗೆಂಪು ನಿಲುವಂಗಿಯಲ್ಲಿ ಹೊಳೆಯುತ್ತಿದ್ದರಂತೆ. ಮುಖ್ಯ ನ್ಯಾಯಮೂರ್ತಿಗಳು ಕೇಳಿದರು, ತಲೆದೂಗಿದರು, ಆಮೇಲೆ ಪ್ರಪಂಚದ ಸಕಲ ಕಚೇರಿಗಳಿಗೂ ಪ್ರಿಯವಾದ ತೀರ್ಪು ಕೊಟ್ಟರು: ಮೇಲಿನವರಿಗೆ ಬರೆದು ಕೇಳೋಣ. ಲಂಡನ್ನಿಗೆ ಕಾಗದ ಹೋಯಿತು, ಹಡಗಿನಲ್ಲಿ ಉತ್ತರ ಬಂತು, ನವೆಂಬರಿನಲ್ಲಿ ವಾರಂಟು ಸರಿ ಎಂದಾಯಿತು.

ಬಂಧುಬಳಗದ ವಿಷಯಕ್ಕೆ ಬಂದರೆ ಒಂದು ಹಾಳೆ ಪೆನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಾಂತ್ಯದ ಸೆಕ್ರೆಟರಿ ಆಂಡ್ರೂ ಆಲಿವರ್, ಸಾಹೇಬರ ಷಡ್ಡಕ, ಅಕ್ಕತಂಗಿಯರನ್ನು ಮದುವೆಯಾದವರು. ಆಂಡ್ರೂನ ತಮ್ಮ ಪೀಟರ್ ಆಲಿವರ್ ಅದೇ ಮೇಲಿನ ಕೋರ್ಟಿನ ನ್ಯಾಯಾಧೀಶ. ಆಂಡ್ರೂನ ಮಗಳು ಸಾಹೇಬರ ಸೊಸೆ, ಪೀಟರನ ಮಗ ಸಾಹೇಬರ ಅಳಿಯ. ಮುಂದೆ ಸಾಹೇಬರು ಗವರ್ನರ್ ಆದಾಗ ಷಡ್ಡಕ ಲೆಫ್ಟಿನೆಂಟ್ ಗವರ್ನರ್ ಆದ, ಷಡ್ಡಕನ ತಮ್ಮ ಮುಖ್ಯ ನ್ಯಾಯಮೂರ್ತಿ ಆದ, ಸಾಹೇಬರ ಸ್ವಂತ ತಮ್ಮ ಫಾಸ್ಟರ್ ಕೂಡ ಪೀಠದ ಮೇಲೆ ಸರಿದು ಜಾಗ ಮಾಡಿಕೊಂಡ. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆ ಬಾಸ್ಟನ್ನಿನಲ್ಲಿ ಇರಲಿಲ್ಲವೆಂಬುದು ಆ ಪಟ್ಟಣದ ದೊಡ್ಡ ಕೊರತೆ.

ಏಕಗವಾಕ್ಷಿಯ ಒಂದು ಅನನುಕೂಲ 1765ರಲ್ಲಿ ಬಯಲಾಯಿತು. ಎಲ್ಲ ಕೆಲಸಕ್ಕೂ ಒಂದೇ ಕಿಟಕಿ ಇದ್ದರೆ ಎಲ್ಲ ಸಿಟ್ಟಿಗೂ ಒಂದೇ ಕಿಟಕಿ. ಲಂಡನ್ನಿನ ಪಾರ್ಲಿಮೆಂಟು ಸ್ಟಾಂಪ್ ಕಾಯ್ದೆ ಮಾಡಿತು. ಪತ್ರಿಕೆ, ಕೋರ್ಟು ಕಾಗದಪತ್ರ, ಇಸ್ಪೀಟೆಲೆಗೂ ತೆರಿಗೆ. ಅದು ಬೇಡವೆಂದು ಹಚಿನ್ಸನ್ ಒಳಗೊಳಗೇ ಲಂಡನ್ನಿಗೆ ಬರೆದಿದ್ದರು. ಆದರೆ ಸ್ಟಾಂಪ್ ಹಂಚುವ ಗುತ್ತಿಗೆ ಷಡ್ಡಕನಿಗೆ ಸಿಕ್ಕಿತ್ತು! ಬೇಡವೆಂದು ಬರೆದ ಕಾಗದ ಪೆಟ್ಟಿಗೆಯಲ್ಲಿತ್ತು, ಷಡ್ಡಕ ಬೀದಿಯಲ್ಲಿದ್ದ. ಜನಕ್ಕೆ ಕಾಣುವುದು ಯಾವುದು?

ಆಗಸ್ಟ್ 26ರ ರಾತ್ರಿ ಮಕ್ಕಳ ಜೊತೆ ಊಟಕ್ಕೆ ಕೂತಿದ್ದರು. ಜನ ಬರುತ್ತಿದ್ದಾರೆಂದು ಸುದ್ದಿ ಬಂತು. ಮಕ್ಕಳನ್ನೆಲ್ಲ ಹೊರಗೆ ಕಳಿಸಿ ತಾನೊಬ್ಬನೇ ನಿಲ್ಲುತ್ತೇನೆಂದು ಹಟ ಹಿಡಿದರು. ದೊಡ್ಡ ಮಗಳು ಸ್ಯಾಲಿ ವಾಪಸು ಬಂದು, ನೀನು ಹೊರಡದೆ ನಾನೂ ಹೊರಡುವುದಿಲ್ಲ ಎಂದಳು. ಆ ಹಟಕ್ಕೆ ಮಾತ್ರ ಸೋತು ಹೊರಟರು, ಜೀವ ಉಳಿಯಿತು. ಕೊಡಲಿಯಲ್ಲಿ ಬಾಗಿಲು ಸೀಳಿ ಒಳಬಂದವರು ನೆಲಮಾಳಿಗೆಯ ವೈನು ಮುಗಿಸಿದರು, ಒಂಬೈನೂರು ಪೌಂಡ್ ನಗದು ಎತ್ತಿದರು, ಒಳಗೋಡೆಗಳನ್ನು ಕೆಡವಿದರು, ಮಾಡಿನ ಮೇಲಿನ ಗುಮ್ಮಟ ಉರುಳಿಸಿದರು, ತೋಟದ ಮರ ಕಡಿದರು, ಹಲಗೆ ಕೀಳತೊಡಗಿದರು. ಬೆಳಗಾಯಿತು, ಇಲ್ಲದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ. ಸಾಹೇಬರು ವರ್ಷಗಟ್ಟಲೆ ಕೂತು ಬರೆದಿದ್ದ ಪ್ರಾಂತ್ಯದ ಇತಿಹಾಸದ ಹಸ್ತಪ್ರತಿ ಬೀದಿಯ ಕೆಸರಿಗೆ ಬಿದ್ದಿತ್ತು. ಪಕ್ಕದ ಪಾದ್ರಿ ಆಂಡ್ರೂ ಎಲಿಯಟ್ ಹಾಳೆ ಹಾಳೆ ಹೆಕ್ಕಿ ಉಳಿಸಿಕೊಟ್ಟರು. ಕಡುಗೆಂಪು ನಿಲುವಂಗಿಗಳ ನಡುವೆ ಕೂತ ಮನುಷ್ಯನ ಬಗ್ಗೆ ಎಷ್ಟೇ ನಗು ಬಂದರೂ, ಕೆಸರಲ್ಲಿ ಹಾಳೆ ಹೆಕ್ಕುವ ಆ ಪಾದ್ರಿಯನ್ನು ನೆನೆದಾಗ ನನ್ನ ಪೆನ್ನು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಮಾರನೇ ದಿನ ಕೋರ್ಟು. ಉಳಿದ ನ್ಯಾಯಾಧೀಶರೆಲ್ಲ ನಿಲುವಂಗಿಯಲ್ಲಿ ಬಂದರು, ಮುಖ್ಯ ನ್ಯಾಯಮೂರ್ತಿಗಳು ಮಾತ್ರ ಸಿಕ್ಕ ಬಟ್ಟೆಯಲ್ಲಿ. ಮೈಮೇಲಿರುವ ಅಂಗಿ ಬಿಟ್ಟರೆ ತನಗೆ ಬೇರೆ ಅಂಗಿಯಿಲ್ಲ, ಮನೆಯವರದೂ ಅದೇ ಗತಿ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ಹಾಗಾದರೆ ಬಂದದ್ದೇಕೆ? ತಾನಿಲ್ಲದೆ ಕೋರಂ ಆಗುವುದಿಲ್ಲವಂತೆ. ಏಕಗವಾಕ್ಷಿ ಪುಡಿಯಾದ ಮರುದಿನವೂ ಕೌಂಟರ್ ತೆರೆಯಲೇಬೇಕಾಯಿತು. ಬೇರೆ ಕಿಟಕಿಯೇ ಇರಲಿಲ್ಲ.

ಪರಿಹಾರದ ಕಥೆ ಇನ್ನೂ ಸೊಗಸು. 1766ರಲ್ಲಿ ಪ್ರಾಂತ್ಯದ ಸಭೆ ಒಂದೇ ಕಾಯ್ದೆಯಲ್ಲಿ ಎರಡು ಪುಣ್ಯ ಕಟ್ಟಿಕೊಂಡಿತು: ಮನೆ ಕಳಕೊಂಡವರಿಗೆ ದುಡ್ಡು, ಮನೆ ಕೆಡವಿದವರಿಗೆ ಕ್ಷಮೆ. ಕ್ಷಮೆ ಕೊಡುವ ಹಕ್ಕು ನಿಮಗೆಲ್ಲಿಂದ ಬಂತೆಂದು ಲಂಡನ್ನು ಕಾಯ್ದೆಯನ್ನೇ ರದ್ದು ಮಾಡಿತು. ಅಷ್ಟರಲ್ಲಿ ದುಡ್ಡು ಹಚಿನ್ಸನ್ನರ ಕೈಸೇರಿಯಾಗಿತ್ತು.

ಇಷ್ಟಾದ ಮೇಲೆ ಒಂದೆರಡು ಕುರ್ಚಿ ಬಿಟ್ಟುಕೊಟ್ಟಿರಬೇಕು ಎಂದುಕೊಂಡಿರಾ? 1771ರಲ್ಲಿ ಅವರನ್ನು ಗವರ್ನರೇ ಮಾಡಿದರು. 1773ರ ಹೊತ್ತಿಗೆ ಏಕಗವಾಕ್ಷಿ ಪರಾಕಾಷ್ಠೆ ಮುಟ್ಟಿತು, ಚಹಾದ ರೂಪದಲ್ಲಿ. ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಇದರಲ್ಲಿ ನಮ್ಮವರ ಪಾಲೂ ಇದೆ ಎಂದು ಸಣ್ಣದಾಗಿ ಮೀಸೆ ತಿರುವಬಹುದು. ಹೈದರಾಲಿಯ ಕುದುರೆಗಳು ಮದರಾಸಿನ ಬಾಗಿಲಿಗೆ ಬಂದ ಸುದ್ದಿಗೆ 1769ರಲ್ಲಿ ಲಂಡನ್ನಿನಲ್ಲಿ ಕಂಪನಿಯ ಷೇರು ನೆಲ ಕಚ್ಚಿತ್ತು. (ಅಮೆರಿಕನ್ನರು ಮುಂದೆ 1782ರಲ್ಲಿ ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರಿಟ್ಟರು.) ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕಕ್ಕೆ ಸಾಗಿಸಲು ಕಂಪನಿಗೆ ಅನುಮತಿ ಸಿಕ್ಕಿತು. ಬಾಸ್ಟನ್ನಿನಲ್ಲಿ ಅದನ್ನು ಮಾರಲು ಆರಿಸಿದ ಏಜೆಂಟರಲ್ಲಿ ಇಬ್ಬರು ಥಾಮಸ್ ಮತ್ತು ಎಲೈಶಾ, ಸಾಹೇಬರ ಗಂಡುಮಕ್ಕಳು. ಚಹಾದ ಸುಂಕದಿಂದಲೇ ಗವರ್ನರಿಗೆ ಸಂಬಳ. ಗವರ್ನರ್ ಸಾಹೇಬರ ಉಳಿತಾಯದ ಹಣವೂ ಅದೇ ಕಂಪನಿಯ ಷೇರಿನಲ್ಲಿ. ಮಕ್ಕಳು ಮಾರಬೇಕು, ಅಪ್ಪ ಸುಂಕ ಉಣ್ಣಬೇಕು, ಗಲಾಟೆಯಾದರೆ ಷಡ್ಡಕನ ತಮ್ಮ ವಿಚಾರಣೆ ಮಾಡಬೇಕು.

ಮೂರು ಹಡಗು ಬಂದು ನಿಂತವು. ಲಂಡನ್ನು ಹೇರಿದ ಸುಂಕ ಕಟ್ಟುವುದಿಲ್ಲವೆಂದು ಜನ ಚಹಾ ಇಳಿಸಲು ಬಿಡಲಿಲ್ಲ. ಡಾರ್ಟ್‌ಮತ್ ಹಡಗಿನ ಕಡೆಯ ಯುವಕ ಫ್ರಾನ್ಸಿಸ್ ರಾಚ್ ಚಹಾ ವಾಪಸು ಒಯ್ಯಲು ತಯಾರಿದ್ದ. ಕಸ್ಟಮ್ಸಿಗೆ ಹೋದ: ಮಾಲು ಇಳಿಸಿ ಸುಂಕ ಕಟ್ಟಿದ ಹೊರತು ಕ್ಲಿಯರೆನ್ಸ್ ಇಲ್ಲ. ಡಿಸೆಂಬರ್ 16ರ ಆ ಚಳಿಯಲ್ಲಿ ಹತ್ತಾರು ಕಿಲೋಮೀಟರ್ ದೂರದ ಮಿಲ್ಟನ್ನಿಗೆ, ಸಾಹೇಬರ ತೋಟದ ಮನೆಗೆ ಹೋದ: ಕ್ಲಿಯರೆನ್ಸ್ ಇಲ್ಲದ ಹಡಗಿಗೆ ಕೋಟೆ ದಾಟುವ ಪಾಸ್ ಕೊಡಲಾಗುವುದಿಲ್ಲ. ಆ ಚೀಟಿಯಿಲ್ಲದೆ ಈ ಚೀಟಿಯಿಲ್ಲ, ಈ ಚೀಟಿಯಿಲ್ಲದೆ ಹಡಗಿಲ್ಲ. ಸಾಹೇಬರು ನಿಯಮದಲ್ಲಿ ಒಂದಕ್ಷರ ತಪ್ಪಲಿಲ್ಲ, ಇದನ್ನು ಅವರ ವೈರಿಗಳೂ ಒಪ್ಪಬೇಕು. ಓಲ್ಡ್ ಸೌತ್ ಸಭಾಮಂದಿರದಲ್ಲಿ ಕಾಯುತ್ತಿದ್ದ ಸಾವಿರಾರು ಜನರಿಗೆ ರಾಚ್ ಸಂಜೆ ಕತ್ತಲಲ್ಲಿ ವಾಪಸು ಬಂದು ಈ ಮಾತು ಹೇಳಿದ. ಆ ರಾತ್ರಿಯೇ 342 ಪೆಟ್ಟಿಗೆ ಚಹಾ ಯಾರ ಎನ್‌ಒಸಿಯೂ ಇಲ್ಲದೆ ಸಮುದ್ರ ಸೇರಿತು.

ಮುಂದಿನ ಫೆಬ್ರವರಿಯಲ್ಲಿ, ದೊರೆಯ ಸಂಬಳ ಉಣ್ಣುವ ಮುಖ್ಯ ನ್ಯಾಯಮೂರ್ತಿ ಪೀಟರ್ ಆಲಿವರನನ್ನು ಕಿತ್ತುಹಾಕಿ ಎಂದು ಕೆಳಮನೆ ಮಹಾಭಿಯೋಗ ಹೊರಡಿಸಿತು. ದೂರು ಯಾರ ಮೇಜಿಗೆ ಬಂತು? ಬೀಗರ ಮೇಜಿಗೆ. ತಮಗೆ ಅಧಿಕಾರವಿಲ್ಲವೆಂದು ಹಚಿನ್ಸನ್ ಹೇಳಿದರು. ಅಷ್ಟೆಲ್ಲ ಅಧಿಕಾರ ಇಟ್ಟುಕೊಂಡಿದ್ದ ಮನುಷ್ಯನ ಬಳಿ ಅದೊಂದೇ ಇರಲಿಲ್ಲ ನೋಡಿ.

1774ರ ಜೂನ್ 1ರಂದು ಇಂಗ್ಲೆಂಡಿಗೆ ಹಡಗು ಹತ್ತಿದರು, ಕೆಲವು ತಿಂಗಳಲ್ಲಿ ಬರುತ್ತೇನೆಂಬ ನಂಬಿಕೆಯಲ್ಲಿ. ಬರಲಿಲ್ಲ. 1776ರ ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ಅಂಗೀಕಾರವಾದ ಸ್ವಾತಂತ್ರ್ಯ ಘೋಷಣೆಯಲ್ಲಿ, ನ್ಯಾಯಾಧೀಶರ ಸಂಬಳ ಮತ್ತು ಕುರ್ಚಿಯನ್ನು ದೊರೆ ತನ್ನ ಮುಷ್ಟಿಯಲ್ಲಿಟ್ಟುಕೊಂಡನೆಂಬ ದೂರೂ ಇತ್ತು. ಅದೇ ಜುಲೈ 4ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹಚಿನ್ಸನ್ನರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ವಿಷಯ? ಕಾನೂನು. ಪದವಿಯಿಲ್ಲದೆ ನ್ಯಾಯಮೂರ್ತಿಯಾದವರಿಗೆ, ನ್ಯಾಯಪೀಠ, ಪ್ರಾಂತ್ಯ, ಮನೆ ಎಲ್ಲ ಹೋದ ಮೇಲೆ ಪದವಿ ಕೈಗೆ ಬಂತು.

1780ರ ಜೂನ್ 3ರಂದು ಸಾರೋಟು ಹತ್ತಲು ಹೊರಟಲ್ಲೇ ಕುಸಿದು ತೀರಿಕೊಂಡರು. ಆ ವಾರ ಲಂಡನ್ನಿನಲ್ಲಿ ಕ್ಯಾಥೊಲಿಕರ ವಿರುದ್ಧ ಎದ್ದ ಗಾರ್ಡನ್ ದಂಗೆ. ದೊಂಬಿಯಲ್ಲಿ ಮನೆ ಕಳಕೊಂಡವರಿಗೆ ದೊಂಬಿಯದೇ ಬೀಳ್ಕೊಡುಗೆ. ಮಿಲ್ಟನ್ನಿನ ಮನೆಯನ್ನು ಹೊಸ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. 1781ರಲ್ಲಿ ಅದನ್ನು ಕೊಂಡವರು ಜೇಮ್ಸ್ ವಾರೆನ್ ದಂಪತಿ. ಹೆಂಡತಿ ಮರ್ಸಿ ಓಟಿಸ್ ವಾರೆನ್, ಹಿಂದೆ ನಾಟಕವೊಂದರಲ್ಲಿ ಸಾಹೇಬರನ್ನು ‘ರಪೇಷಿಯೊ’ ಎಂಬ ದುರಾಸೆಯ ಪಾತ್ರ ಮಾಡಿ ಕುಣಿಸಿದ್ದವಳು. ಟವೆಲ್ ಹಾಸಿ ಕಾದು ಕೂತಿದ್ದ ಆ ಹಿರಿಯ ಓಟಿಸನ ಮಗಳು. ಗುಡ್ಡದ ಮೇಲಿನ ಆ ಮನೆಯಿಂದ ನೆಪಾನ್ಸೆಟ್ ಹೊಳೆ ಚೆನ್ನಾಗಿ ಕಾಣುತ್ತಿತ್ತು. ಕಿಟಕಿ ತೆರೆದು ನೋಡುವ ಸರದಿ ಈಗ ಅವಳದು.